ತೆರೆದ ಬಯಲಿನಲ್ಲಿ ಚಿತ್ರರಚನೆ: ಅದರ ಸಂತೋಷ ಮತ್ತು ಅದರ ಪ್ರಮಾಣ

ನಿಸರ್ಗದ ಎದುರಿನಲ್ಲಿ ಕುಳಿತು ಚಿತ್ರ ಬರೆಯುವುದು ಚಿತ್ರಕಾರನಿಗೆ ಪರಮ ಸಂತೋಷದ ಕೆಲಸವೆಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತದೆ. ಕಲಾಶಾಲೆಗಳ ಅಧ್ಯಾಪಕರು ವಿದ್ಯಾರ್ಥಿಗಳನ್ನು ಕೆರೆಯ ದಂಡೆಗೂ ಬೆಟ್ಟದ ತಪ್ಪಲಿಗೂ ಕರೆದೊಯ್ಯುತ್ತಾರೆ. ಪ್ರದರ್ಶನಗಳಲ್ಲಿ ಚಿತ್ರದ ಕೆಳಗೆ ‘ಸ್ಥಳದಲ್ಲಿಯೇ ಬರೆದುದು’ ಎಂಬ ಒಕ್ಕಣೆ ಪ್ರಶಸ್ತಿಪತ್ರದಂತೆ ಅಂಟಿಕೊಂಡಿರುತ್ತದೆ. ಅದನ್ನು ಓದಿದ ಪ್ರೇಕ್ಷಕನು ಚಿತ್ರವನ್ನು ನೋಡುವುದಕ್ಕೆ ಮೊದಲೇ ನಂಬಿಬಿಡುತ್ತಾನೆ. ಸ್ಥಳದಲ್ಲಿ ಬರೆದುದು ಸತ್ಯ, ಮನೆಯಲ್ಲಿ ಬರೆದುದು ಕೃತಕ ಎಂಬ ಒಂದು ಸಮೀಕರಣವು ನಮಗೆ ತಿಳಿಯದಂತೆಯೇ ನಮ್ಮ ಅಭಿರುಚಿಯನ್ನು ಆಳುತ್ತಿದೆ. ಇದು ಎಲ್ಲಿಂದ ಬಂದಿತು, ಎಷ್ಟರಮಟ್ಟಿಗೆ ನಿಲ್ಲುತ್ತದೆ, ಬಯಲಿನ ಸಂತೋಷವೆಂದು ಹೇಳುವುದು ಯಾರ ಸಂತೋಷ, ಅದು ಚಿತ್ರದೊಳಕ್ಕೆ ಇಳಿದು ನೋಡುವವನನ್ನು ಮುಟ್ಟುತ್ತದೆಯೇ ಎಂಬ ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡಲು ಉದ್ದೇಶಿಸಿದ್ದೇವೆ. ಈ ಪದ್ಧತಿ ಒಂದು ಸಿದ್ಧಾಂತದ ಬಲವನ್ನು ಪಡೆದುದು ಫ್ರಾನ್ಸಿನಲ್ಲಾದ ಕಾರಣ ನಮ್ಮ ಉದಾಹರಣೆಗಳಲ್ಲಿ ಹೆಚ್ಚಿನವು ಅಲ್ಲಿಯವು. ಫ್ರೆಂಚರು ಇದಕ್ಕೆ ಇಟ್ಟ ಹೆಸರು ‘ಪ್ಲೆನ್ ಏರ್’. ತೆರೆದ ಗಾಳಿ ಎಂದು ಅದರ ಅರ್ಥ. ಗಾಳಿಯೆಂಬ ಮಾತು ಅಲ್ಲಿ ಅಲಂಕಾರಕ್ಕಾಗಿ ಬಂದುದಲ್ಲವೆಂಬುದು ಮುಂದೆ ತಿಳಿಯುವುದು.

ಬಯಲಿಗೆ ಹೋಗುವುದು ಹತ್ತೊಂಬತ್ತನೆಯ ಶತಮಾನದವರು ಕಂಡುಹಿಡಿದ ಸಂಗತಿಯೇನೂ ಅಲ್ಲ. ಹದಿನೇಳನೆಯ ಶತಮಾನದ ರೋಮಿನಲ್ಲಿದ್ದ ಕ್ಲೋದ್ ಲೊರೇನನ ವಿಷಯವಾಗಿ ಅವನ ಸ್ನೇಹಿತನಾದ ಜರ್ಮನ್ ಚಿತ್ರಕಾರ ಸಾಂಡ್ರಾರ್ಟನು ತನ್ನ ಗ್ರಂಥದಲ್ಲಿ ಒಂದು ಸ್ವಾರಸ್ಯವಾದ ವಿವರವನ್ನು ದಾಖಲಿಸಿದ್ದಾನೆ. ಕ್ಲೋದನು ಬೆಳಗಾಗುವುದಕ್ಕೆ ಮುಂಚೆ ಹೊಲಗಳಿಗೆ ಹೋಗಿ, ಮೂಡಣದ ಬಣ್ಣಗಳನ್ನು ನೋಡುತ್ತ, ಅವುಗಳಿಗೆ ಸರಿಯಾಗಿ ಅಲ್ಲಿಯೇ ಬಣ್ಣ ಕಲಸಿಕೊಂಡು, ಆಮೇಲೆ ಮನೆಗೆ ಓಡಿಬಂದು ಅವುಗಳನ್ನು ಚಿತ್ರದಲ್ಲಿ ತಕ್ಕ ಎಡೆಗಳಲ್ಲಿ ಹಚ್ಚುತ್ತಿದ್ದನಂತೆ. ಟಿವೋಲಿಯ ಬಂಡೆಗಳ ನಡುವೆ ಸಾಂಡ್ರಾರ್ಟನೇ ಕುಂಚ ಹಿಡಿದು ಬರೆಯುತ್ತಿದ್ದುದನ್ನು ಕಂಡ ಮೇಲೆ ಈ ಓಡಾಟವನ್ನು ಬಿಟ್ಟು ಸ್ಥಳದಲ್ಲಿಯೇ ಬರೆಯತೊಡಗಿದನೆಂದು ಅವನ ಹೇಳಿಕೆ. ಸ್ನೇಹಿತನ ಹೇಳಿಕೆಯಲ್ಲಿ ತುಸು ಆತ್ಮಪ್ರಶಂಸೆ ಇರಬಹುದು. ಆದರೆ ಕಲಸಿದ ಬಣ್ಣವನ್ನು ಹೊತ್ತು ಮನೆಯ ಕಡೆಗೆ ಓಡುವ ಚಿತ್ರಕಾರನ ಈ ಮೂರ್ತಿಯಲ್ಲಿ ನಮ್ಮ ವಿಷಯದ ಇಡೀ ತೊಡಕು ಅಡಗಿದೆ: ಕಣ್ಣು ಬಯಲಿನಲ್ಲಿದೆ, ಚಿತ್ರ ಮನೆಯಲ್ಲಿದೆ, ನಡುವಣ ದಾರಿಯಲ್ಲಿ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ?

ಈ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರವನ್ನು ಕೊಡಲು ಯತ್ನಿಸಿದವರಲ್ಲಿ ಪ್ರಮುಖನು ವಾಲೆನ್ಸಿಯೆನ್. 1800ರಲ್ಲಿ ಪ್ರಕಟವಾದ ಅವನ ಗ್ರಂಥವು ಯಥಾದರ್ಶನವನ್ನೂ ಭೂದೃಶ್ಯ ಚಿತ್ರಣವನ್ನೂ ಕುರಿತದ್ದು. ಬಯಲಿನಲ್ಲಿ ಬರೆಯುವ ಯಾವ ಅಭ್ಯಾಸಚಿತ್ರಕ್ಕೂ ಎರಡು ಗಂಟೆಗಿಂತ ಹೆಚ್ಚು ಕಾಲವನ್ನು ಕೊಡಕೂಡದು. ಸೂರ್ಯೋದಯ ಸೂರ್ಯಾಸ್ತಗಳಾದರೆ ಅರ್ಧ ಗಂಟೆ ಮಾತ್ರ ಎಂದು ಅವನು ವಿಧಿಸುತ್ತಾನೆ. ಕಾರಣ ಸ್ಪಷ್ಟವಾಗಿದೆ. ಸೂರ್ಯನು ನಡೆಯುತ್ತಿದ್ದಾನೆ, ನೆರಳು ಸರಿಯುತ್ತಿದೆ. ಬೆಳಗಿನ ನೆರಳನ್ನು ಮರಕ್ಕೂ ಮಧ್ಯಾಹ್ನದ ನೆರಳನ್ನು ಗೋಡೆಗೂ ಕೊಟ್ಟ ಚಿತ್ರವು ಯಾವ ಲೋಕದಲ್ಲಿಯೂ ಇಲ್ಲದ ಒಂದು ಹಗಲನ್ನು ತೋರಿಸುತ್ತದೆ. 1780ರ ದಶಕದಲ್ಲಿ ರೋಮಿನಲ್ಲಿದ್ದಾಗ ಅವನೇ ಒಂದೇ ಮಾಳಿಗೆಯನ್ನು ಬಿಸಿಲಿನಲ್ಲಿ ಒಮ್ಮೆ, ನೆರಳಿನಲ್ಲಿ ಒಮ್ಮೆ ಬರೆದಿದ್ದಾನೆ. ಮೊನೆಯ ಚಿತ್ರಮಾಲೆಗಳಿಗೆ ನೂರು ವರ್ಷಗಳಿಗೂ ಹಿಂದಿನ ಈ ಪುಟ್ಟ ಕಾಗದಗಳು 1930ರಲ್ಲಿ ದಾನವಾಗಿ ಲೂವ್ರ್ ಸಂಗ್ರಹಾಲಯಕ್ಕೆ ಬರುವವರೆಗೆ ಬಹಳ ಮಂದಿಗೆ ತಿಳಿದಿರಲೂ ಇಲ್ಲ. ಅದಕ್ಕೆ ಅವನೇ ಹೊಣೆ. ಅವನ ದೃಷ್ಟಿಯಲ್ಲಿ ಅವು ಚಿತ್ರಗಳಲ್ಲ, ಚಿತ್ರಕ್ಕೆ ಬೇಕಾದ ಸಾಮಗ್ರಿ. ಸಾರ್ವಜನಿಕರ ಮುಂದಿಡುವಾಗ ಅವನು ಗ್ರೀಸ್ ರೋಮುಗಳ ಪುರಾಣೇತಿಹಾಸದ ಪಾತ್ರಗಳನ್ನು ನಿಲ್ಲಿಸಿದ, ಕಲ್ಪಿತವಾದ, ಸಮತೋಲವಾದ ಭೂದೃಶ್ಯಗಳನ್ನೇ ಇಡುತ್ತಿದ್ದನು. ಇಂದು ಅವನ ದೊಡ್ಡ ಚಿತ್ರಗಳ ಮುಂದೆ ಯಾರೂ ಬಹಳ ಹೊತ್ತು ನಿಲ್ಲುವುದಿಲ್ಲ. ಮಾಳಿಗೆಗಳ ಮುಂದೆ ಎಲ್ಲರೂ ನಿಲ್ಲುತ್ತಾರೆ.

ಇಂಗ್ಲೆಂಡಿನ ಕಾನ್‌ಸ್ಟೇಬಲನು ಈ ವಿಷಯದಲ್ಲಿ ಹೆಚ್ಚು ತೊಡಕಿನವನು. ಫ್ಲಾಟ್‌ಫರ್ಡಿನ ಗಿರಣಿಯ ಬಳಿ ದೋಣಿ ಕಟ್ಟುವುದನ್ನು ತೋರಿಸುವ, 1815ರಲ್ಲಿ ಪ್ರದರ್ಶಿತವಾದ ಚಿತ್ರವನ್ನು ಅವನು ಪೂರ್ತಿಯಾಗಿ ಬಯಲಿನಲ್ಲಿಯೇ ಬರೆದನೆಂದು ಅವನ ಜೀವನಚರಿತ್ರೆಯನ್ನು ಬರೆದ ಲೆಸ್ಲಿ ಹೇಳುತ್ತಾನೆ. 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್ ದಿಣ್ಣೆಯ ಮೇಲೆ ನಿಂತು ಅವನು ಬರಿಯ ಆಕಾಶವನ್ನೂ ಮೋಡಗಳನ್ನೂ ಬರೆದನು. 1822ರಲ್ಲಿಯೇ ಇಂತಹ ಐವತ್ತರಷ್ಟು ಅಭ್ಯಾಸಗಳನ್ನು ಮಾಡಿದುದಾಗಿ ಸ್ನೇಹಿತನಿಗೆ ತಿಳಿಸಿದನು. ಹಲವು ಹಾಳೆಗಳ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿ ಬೀಸುತ್ತಿದ್ದ ದಿಕ್ಕು ಇವುಗಳನ್ನು ಗುರುತು ಹಾಕಿದ್ದಾನೆ. ಆದರೆ ಇದೇ ಕಾನ್‌ಸ್ಟೇಬಲನಿಗೆ ಕೀರ್ತಿಯನ್ನು ತಂದ, 1824ರ ಪ್ಯಾರಿಸ್ ಪ್ರದರ್ಶನದಲ್ಲಿ ಸುವರ್ಣಪದಕ ಪಡೆದ ‘ಹುಲ್ಲಿನ ಬಂಡಿ’ ಲಂಡನ್ನಿನ ಮನೆಯಲ್ಲಿ ಆದುದು. ಬಂಡಿಯ ರಚನೆ ಹೇಗಿರುತ್ತದೆಂದು ಖಚಿತವಾಗಿ ಬೇಕಾದಾಗ ಊರಿನಿಂದ ಒಂದು ರೇಖಾಚಿತ್ರವನ್ನು ತರಿಸಿಕೊಂಡನು. ಆ ಚಿತ್ರದ ಹಸುರಿನ ತಾಜಾತನವನ್ನು ಕಂಡು ಬೆರಗಾದ ಫ್ರೆಂಚ್ ಚಿತ್ರಕಾರರು ಅದರಲ್ಲಿ ಬಯಲಿನ ಗಾಳಿಯನ್ನೇ ಉಸಿರಾಡಿದರು. ಆ ಗಾಳಿಯಾದರೋ ನಾಲ್ಕು ಗೋಡೆಗಳ ನಡುವೆ ನೆನಪಿನಿಂದ ಕಟ್ಟಿದ್ದು. ‘ಸ್ಥಳದಲ್ಲಿಯೇ ಬರೆದುದು’ ಎಂಬ ಒಕ್ಕಣೆಯನ್ನು ನಂಬುವವರು ಮೊದಲು ಈ ಚಿತ್ರಕ್ಕೆ ಉತ್ತರ ಹೇಳಬೇಕಾಗುತ್ತದೆ.

ಸಲಕರಣೆಗಳ ಮಾತನ್ನು ಬೇಗ ಮುಗಿಸಬಹುದು, ಬಿಡುವಂತಿಲ್ಲ. ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದ ಕಾಲ ಬಹಳ ದಿನ ನಡೆಯಿತು. ಒಮ್ಮೆ ಚುಚ್ಚಿದ ಚೀಲವನ್ನು ಮತ್ತೆ ಭದ್ರವಾಗಿ ಮುಚ್ಚುವಂತಿರಲಿಲ್ಲ, ದಾರಿಯಲ್ಲಿ ಅದು ಒಡೆಯುವುದೂ ಉಂಟು. ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್‍ಯಾಂಡನು 1841ರಲ್ಲಿ ಹಿಸುಕಿದರೆ ಬಣ್ಣ ಬರುವ ತವರದ ಕೊಳವೆಗೆ ಹಕ್ಕುಪತ್ರ ಪಡೆದನು. ಆ ಕೊಳವೆಗಳಿಲ್ಲದಿದ್ದರೆ ಇಂಪ್ರೆಷನಿಸಂ ಎಂಬುದೇ ಇರುತ್ತಿರಲಿಲ್ಲವೆಂದು ರೆನ್ವಾರನು ಹೇಳುತ್ತಿದ್ದುದಾಗಿ ಅವನ ಮಗ ಬರೆದಿದ್ದಾನೆ. 1847ಕ್ಕೆ ಪ್ಯಾರಿಸ್ಸಿನಿಂದ ಲ ಆವ್ರ್‌ನ ಸಮುದ್ರದವರೆಗೂ, 1849ಕ್ಕೆ ಫಾಂಟೆನ್‌ಬ್ಲೋ ಕಾಡಿನವರೆಗೂ ರೈಲು ಹರಿಯಿತು. ಆ ಕಾಡಿನಂಚಿನ ಬಾರ್ಬಿಜೋನ್ ಎಂಬ ಹಳ್ಳಿಯಲ್ಲಿ ರೂಸೋ, ಮಿಯೆ ಮೊದಲಾದವರು ನೆಲಸಿದರು. ಓಕ್ ಮರಗಳನ್ನು ಕಡಿಯಬಾರದೆಂದು ರೂಸೋ ಮತ್ತು ಅವನ ಸಂಗಡಿಗರು ಸರ್ಕಾರವನ್ನು ಬೇಡಿಕೊಂಡರು. 1861ರ ರಾಜಾಜ್ಞೆಯು ಆ ಕಾಡಿನ ಸಾವಿರ ಹೆಕ್ಟೇರಿಗೂ ಮಿಕ್ಕ ಭಾಗವನ್ನು ಅದರ ಚೆಲುವಿಗಾಗಿಯೇ ಕಾಯ್ದಿರಿಸಿತು. ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವಾದುದು 1872ರಲ್ಲಿ. ಚಿತ್ರಕಾರರ ಕಣ್ಣು ಒಂದು ಅರಣ್ಯಶಾಸನಕ್ಕೆ ಕಾರಣವಾದ ಈ ಪ್ರಸಂಗವನ್ನು ಕಲಾಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಹೋಗುವುದು ಸರಿಯಲ್ಲವೆಂದು ನಮಗೆ ತೋರುತ್ತದೆ.

ಈಗ ಒಂದು ನಿದರ್ಶನವನ್ನು ಹತ್ತಿರದಿಂದ ನೋಡೋಣ. ಕೊರೋ 1825ರಿಂದ 1828ರವರೆಗೆ ಇಟಲಿಯಲ್ಲಿದ್ದನು. 1826ರಲ್ಲಿ ನಾರ್ನಿ ಎಂಬಲ್ಲಿ, ನೇರಾ ನದಿಯ ಮೇಲೆ ಅಗಸ್ಟಸ್ ಚಕ್ರವರ್ತಿಯ ಕಾಲದಲ್ಲಿ ಕಟ್ಟಿ ಮುರಿದುಬಿದ್ದಿದ್ದ ಸೇತುವೆಯನ್ನು ಸ್ಥಳದಲ್ಲಿಯೇ ಒಂದು ಸಣ್ಣ ಅಭ್ಯಾಸವಾಗಿ ಬರೆದನು. ಅದು ಈಗ ಲೂವ್ರ್‌ನಲ್ಲಿದೆ. ಅದನ್ನು ಆಧಾರವಾಗಿಟ್ಟುಕೊಂಡು 1827ರ ಪ್ರದರ್ಶನಕ್ಕೆಂದು ದೊಡ್ಡ ಚಿತ್ರವೊಂದನ್ನು ರಚಿಸಿದನು. ಅದು ಕೆನಡದ ಆಟವಾದಲ್ಲಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ವಿಮರ್ಶೆಯ ವಿದ್ಯಾರ್ಥಿಗೆ ಒಂದು ಪಾಠ. ಅಭ್ಯಾಸಚಿತ್ರದಲ್ಲಿ ಮುಂಭಾಗದ ನೆಲವು ಕಂದುಬಣ್ಣದ ಕೆಲವು ಒರಟು ಬೀಸುಗಳಾಗಿದೆ. ಅಲ್ಲಿ ಏನು ಬೆಳೆದಿದೆ, ಯಾರು ನಡೆಯುತ್ತಾರೆ ಎಂಬುದನ್ನು ಚಿತ್ರಕಾರನು ಕೇಳುವುದೇ ಇಲ್ಲ. ಅವನ ಗಮನವೆಲ್ಲ ಮುರಿದ ಕಮಾನುಗಳ ಮೇಲೆ ಬಿದ್ದ ಬಿಸಿಲಿನಲ್ಲಿ, ನೀರಿನ ತಿಳಿಯಲ್ಲಿ, ಹಿಂದಿನ ಬೆಟ್ಟಗಳ ಮಬ್ಬು ನೀಲಿಯಲ್ಲಿ. ಪ್ರದರ್ಶನದ ಚಿತ್ರದಲ್ಲಿ ಆ ಒರಟು ನೆಲವು ಒಂದು ದಾರಿಯಾಗಿದೆ. ದಾರಿಯಲ್ಲಿ ದನಗಾಹಿಗಳೂ ಪಶುಗಳೂ ಇವೆ. ಒಂದು ಪಕ್ಕದಲ್ಲಿ ಕೊಡೆಯಂತೆ ಹರಡಿದ ಪೈನ್ ಮರಗಳು ನಿಂತಿವೆ. ಎಲ್ಲವೂ ಹೊಂದಿಕೊಂಡಿದೆ, ಎಲ್ಲವೂ ಬಲ್ಲವರು ಬಯಸುವಂತಿದೆ. ಸೇತುವೆ ಮಾತ್ರ ಹಿಂದಕ್ಕೆ ಸರಿದು ಕಥೆಯ ಒಂದು ಅಂಗವಾಗಿಬಿಟ್ಟಿದೆ.

ಇಂದಿನ ವಿಮರ್ಶಕರು ಬಹುಮಟ್ಟಿಗೆ ಅಭ್ಯಾಸಚಿತ್ರವನ್ನೇ ಮೆಚ್ಚುತ್ತಾರೆ; ನಾವೂ ಅದನ್ನೇ ಮೆಚ್ಚುತ್ತೇವೆ. ಆದರೆ ಅವರು ಕೊಡುವ ಕಾರಣ ನಮಗೆ ಒಪ್ಪಿಗೆಯಾಗುವುದಿಲ್ಲ. ಅದು ಸಹಜ, ಸ್ವತಃಸ್ಫೂರ್ತ, ಆದುದರಿಂದ ಸತ್ಯ ಎಂದು ಅವರ ವಾದ. ಶೀಘ್ರವಾಗಿ ಬರೆದುದೆಲ್ಲ ಸತ್ಯವಾಗುವುದಾದರೆ ಪ್ರತಿ ಭಾನುವಾರವೂ ಸಾವಿರಾರು ಸತ್ಯಗಳು ಉತ್ಪನ್ನವಾಗುತ್ತಿದ್ದವು. ಕೊರೋವಿನ ಅಭ್ಯಾಸದ ಮಹತ್ವವಿರುವುದು ಅವನು ನೋಡದೆ ಇದ್ದುದನ್ನು ಬರೆಯದೆ ಬಿಟ್ಟುದರಲ್ಲಿ. ಬಿಸಿಲು ಕಮಾನಿನ ಮೇಲೆ ಇರುವ ಹೊತ್ತಿನಲ್ಲಿ ಮುಂಭಾಗದ ಹುಲ್ಲನ್ನು ನೋಡುವುದಕ್ಕೆ ಅವನಿಗೆ ಬಿಡುವಿರಲಿಲ್ಲ. ಬಿಡುವಿರಲಿಲ್ಲವೆಂಬ ಸಂಗತಿಯನ್ನು ಚಿತ್ರ ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮನೆಯ ಚಿತ್ರದಲ್ಲಿ ಕಾಲದ ಒತ್ತಾಯವಿಲ್ಲ. ಆದುದರಿಂದ ನೋಡಿದ್ದಕ್ಕೂ ನೋಡದೆ ತುಂಬಿದ್ದಕ್ಕೂ ಅಲ್ಲಿ ಒಂದೇ ಬೆಲೆ. ಬಯಲು ಚಿತ್ರಕಾರನಿಗೆ ಸ್ವಾತಂತ್ರ್ಯವನ್ನು ಕೊಡುತ್ತದೆಂದು ಹೇಳುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅದು ಅವನಿಗೆ ಕೊಡುವುದು ನಿರ್ಬಂಧವನ್ನು. ಆ ನಿರ್ಬಂಧದಿಂದ ಆಯ್ಕೆ ಹುಟ್ಟುತ್ತದೆ.

ಮೊನೆಯ ಜೀವನವೆಲ್ಲ ಈ ನಿರ್ಬಂಧದೊಡನೆ ಮಾಡಿದ ಮಲ್ಲಯುದ್ಧ. ನಾರ್ಮಂಡಿಯ ತೀರದಲ್ಲಿ ಬೂದ್ಯಾ ಎಂಬ ಹಿರಿಯ ಚಿತ್ರಕಾರನು ಹುಡುಗನಾಗಿದ್ದ ಅವನನ್ನು ಬಯಲಿಗೆ ಕರೆದೊಯ್ದು ಕಣ್ಣು ತೆರೆಸಿದನು. 1866ರಲ್ಲಿ ‘ತೋಟದಲ್ಲಿ ಹೆಂಗಸರು’ ಎಂಬ ಎರಡೂವರೆ ಮೀಟರು ಎತ್ತರದ ಚಿತ್ರವನ್ನು ಪೂರ್ತಿಯಾಗಿ ಹೊರಗೆ ಬರೆಯಲು ಮೊನೆ ಹೊರಟನು. ಮೇಲ್ಭಾಗವನ್ನು ಬರೆಯುವುದಕ್ಕೆ ಏಣಿ ಹತ್ತಿದರೆ ದೃಷ್ಟಿಯ ಮಟ್ಟ ಬದಲಾಗುತ್ತದೆಂದು ನೆಲದಲ್ಲಿ ಕಂದಕವನ್ನು ತೋಡಿಸಿ, ರಾಟೆಯಿಂದ ಚಿತ್ರಪಟವನ್ನೇ ಅದರೊಳಕ್ಕೆ ಇಳಿಸುತ್ತಿದ್ದನು. ಬಿಸಿಲಿಲ್ಲದ ಒಂದು ದಿನ ಕೂರ್ಬೆ ಬಂದು ನೋಡಿದಾಗ ಅವನು ಕೈಕಟ್ಟಿ ಕುಳಿತಿದ್ದನೆಂದೂ, ಹಿನ್ನೆಲೆಯನ್ನಾದರೂ ಬರೆಯಬಾರದೇ ಎಂದು ಕೂರ್ಬೆ ನಕ್ಕನೆಂದೂ ಒಂದು ಕಥೆಯಿದೆ. ಇಷ್ಟಾದರೂ ಚಿತ್ರವನ್ನು ಕೊನೆಗಾಣಿಸಿದುದು ಒಳಗೆ; 1867ರಲ್ಲಿ ಪ್ರದರ್ಶನದ ತೀರ್ಪುಗಾರರು ಅದನ್ನು ತಿರಸ್ಕರಿಸಿದರು; ಸ್ನೇಹಿತ ಬಜೀಲನು ತಿಂಗಳಿಗೆ ಐವತ್ತು ಫ್ರಾಂಕಿನ ಕಂತುಗಳಲ್ಲಿ 2,500 ಫ್ರಾಂಕಿಗೆ ಅದನ್ನು ಕೊಂಡನು. ನಮ್ಮ ಕಣ್ಣಿಗೆ ಇದು ಯಶಸ್ವಿಯಾದ ಚಿತ್ರವಲ್ಲ. ಉಡುಪುಗಳ ಮೇಲಿನ ಬಿಸಿಲು ಜೀವಂತವಾಗಿದೆ, ಉಟ್ಟವರು ಬೊಂಬೆಗಳಂತಿದ್ದಾರೆ. ಬಯಲಿನಲ್ಲಿ ಇಷ್ಟು ದೊಡ್ಡದನ್ನು ಬರೆಯಬಾರದೆಂಬ ವಾಲೆನ್ಸಿಯೆನ್ನನ ಎರಡು ಗಂಟೆಯ ಸೂತ್ರವನ್ನು ಕಂದಕ ತೋಡಿ ಮೀರಲು ಆಗಲಿಲ್ಲ.

ಮೊನೆ ಕಂಡುಕೊಂಡ ನಿಜವಾದ ಉಪಾಯ ಬೇರೆ. ಒಂದು ಚಿತ್ರಪಟಕ್ಕೆ ಒಂದು ಹೊತ್ತು. ಹೊತ್ತು ಕಳೆದೊಡನೆ ಪಟವನ್ನು ಬದಲಿಸುವುದು. ಮಾರನೆಯ ದಿನ ಅದೇ ಹೊತ್ತಿಗೆ ಅದೇ ಬೆಳಕು ಬಂದರೆ ಮತ್ತೆ ಅದನ್ನು ಎತ್ತಿಕೊಳ್ಳುವುದು. 1890–91ರ ಗೋಧಿಯ ಬಣವೆಗಳು ಹೀಗೆ ಆದುವು. ಅವುಗಳಲ್ಲಿ ಹದಿನೈದು 1891ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಒಟ್ಟಿಗೆ ಪ್ರದರ್ಶಿತವಾದುವು. ಅದೇ ವರ್ಷ ಎಪ್ಟ್ ನದಿಯ ದಂಡೆಯ ಪಾಪ್ಲರ್ ಮರಗಳನ್ನು ಬರೆಯುತ್ತಿದ್ದಾಗ ಆ ಮರಗಳೇ ಹರಾಜಿಗೆ ಬಂದುವು. ಮೊನೆ ಮರದ ವ್ಯಾಪಾರಿಯೊಬ್ಬನಿಗೆ ತನ್ನ ಪಾಲಿನ ಹಣ ಕೊಟ್ಟು, ಚಿತ್ರಗಳು ಮುಗಿಯುವವರೆಗೆ ಮರಗಳನ್ನು ಕಡಿಯದಂತೆ ಒಪ್ಪಿಸಿದನು. ಒಂದು ಪಾಪ್ಲರ್ ಚಿತ್ರದ ಬೆಳಕು ಇರುತ್ತಿದ್ದುದು ಏಳೇ ನಿಮಿಷವೆಂದೂ, ಒಂದು ಗೊತ್ತಾದ ಎಲೆಯನ್ನು ಬಿಸಿಲು ಬಿಟ್ಟೊಡನೆ ಅವನು ಆ ಪಟವನ್ನು ಕೆಳಗಿಡುತ್ತಿದ್ದನೆಂದೂ ಅವನ ನೆರೆಯಲ್ಲಿದ್ದ ಅಮೆರಿಕನ್ ಚಿತ್ರಕರ್ತ್ರಿ ಲಿಲ್ಲ ಕ್ಯಾಬಟ್ ಪೆರಿ ನೆನಪಿಸಿಕೊಂಡಿದ್ದಾಳೆ. ಏಳು ನಿಮಿಷದ ಸಂತೋಷ! ಇದನ್ನು ವಿಹಾರವೆಂದು ಕರೆಯಲು ಸಾಧ್ಯವೇ?

ಈ ಪದ್ಧತಿಯು ತನ್ನ ತರ್ಕದಿಂದಲೇ ತನ್ನನ್ನು ಸೋಲಿಸಿಕೊಳ್ಳುತ್ತದೆ. ಬೆಳಕು ಮತ್ತೆ ಅದೇ ಆಗಿ ಬರುವುದಿಲ್ಲ. ನಿನ್ನೆಯ ಏಳು ನಿಮಿಷಕ್ಕೂ ಇಂದಿನ ಏಳು ನಿಮಿಷಕ್ಕೂ ನಡುವೆ ಎಲೆ ಬೆಳೆದಿದೆ, ಸೂರ್ಯನು ಕೊಂಚ ಸರಿದಿದ್ದಾನೆ, ನೋಡುವವನು ಒಂದು ದಿನ ಹಳಬನಾಗಿದ್ದಾನೆ. ಎರಡು ದಿನಗಳ ಬೆಳಕನ್ನು ಒಂದು ಪಟದಲ್ಲಿ ಸೇರಿಸುವಾಗ ಚಿತ್ರಕಾರನು ನೆನಪನ್ನು ಕರೆಯಲೇಬೇಕು. 1892 ಮತ್ತು 1893ರಲ್ಲಿ ರೂಆನ್ ಪಟ್ಟಣದ ದೇವಾಲಯವನ್ನು ಎದುರು ಮನೆಗಳ ಕಿಟಕಿಗಳಿಂದ ಬರೆದನು. ಚಿತ್ರಗಳ ಮೇಲಿರುವ ವರ್ಷ 1894, ಏಕೆಂದರೆ ಅವನ್ನು ಮುಗಿಸಿದುದು ಜಿವರ್ನಿಯ ತನ್ನ ಸ್ಟುಡಿಯೋದಲ್ಲಿ. ಲಂಡನ್ನಿನ ಮಂಜನ್ನು 1899ರಿಂದ 1901ರವರೆಗೆ ಮೂರು ಸಲ ಹೋಗಿ ಬರೆದನು. 1904ರಲ್ಲಿ ಮೂವತ್ತೇಳು ಚಿತ್ರಗಳು ಪ್ರದರ್ಶಿತವಾಗುವವರೆಗೂ ಜಿವರ್ನಿಯಲ್ಲಿ ಅವುಗಳನ್ನು ತಿದ್ದುತ್ತಲೇ ಇದ್ದನು.

ಇಲ್ಲಿ ಅವನ ಎರಡು ಹೇಳಿಕೆಗಳನ್ನು ಎದುರುಬದುರಾಗಿ ಇಡಬೇಕಾಗಿದೆ. 1880ರಲ್ಲಿ ಒಬ್ಬ ಪತ್ರಕರ್ತನು ಸ್ಟುಡಿಯೋ ತೋರಿಸೆಂದು ಕೇಳಿದಾಗ, ತನಗೆ ಅಂತಹುದು ಎಂದೂ ಇರಲಿಲ್ಲವೆಂದು ಹೇಳಿ ಎದುರಿಗಿದ್ದ ನದಿಯನ್ನೂ ದಿಬ್ಬಗಳನ್ನೂ ಕೈಬೀಸಿ ತೋರಿಸಿದನು. 1905ರಲ್ಲಿ, ಲಂಡನ್ ಚಿತ್ರಗಳಿಗೆ ಛಾಯಾಚಿತ್ರದ ನೆರವು ಪಡೆದನೆಂಬ ಮಾತು ಹುಟ್ಟಿದಾಗ, ತನ್ನ ಚಿತ್ರಗಳನ್ನು ಸ್ಥಳದಲ್ಲಿ ಬರೆದೆನೋ ಇಲ್ಲವೋ ಎಂಬುದು ಯಾರಿಗೂ ಸಂಬಂಧಪಟ್ಟುದಲ್ಲ, ಅದಕ್ಕೆ ಮಹತ್ವವೂ ಇಲ್ಲ ಎಂದು ತನ್ನ ವ್ಯಾಪಾರಿಗೆ ಸಿಡುಕಿನಿಂದ ಬರೆದನು. ಮೊದಲನೆಯದು ಹುಸಿ, ಎರಡನೆಯದು ತಪ್ಪೊಪ್ಪಿಗೆ ಎಂದು ಕೆಲವರು ವ್ಯಾಖ್ಯಾನ ಮಾಡುತ್ತಾರೆ. ನಾವು ಹಾಗೆ ತಿಳಿಯುವುದಿಲ್ಲ. ನಲವತ್ತರ ಚಿತ್ರಕಾರನಿಗೆ ತನ್ನ ಕಣ್ಣು ಎಲ್ಲಿ ಶಿಕ್ಷಣ ಪಡೆಯಿತೆಂದು ಹೇಳುವುದು ಮುಖ್ಯವಾಗಿತ್ತು. ಅರವತ್ತೈದರವನಿಗೆ ಚಿತ್ರವನ್ನು ಚಿತ್ರವೆಂದೇ ನೋಡಿರೆಂದು ಹೇಳುವುದು ಮುಖ್ಯವಾಯಿತು. ನೆನಪಿನಿಂದ ತಿದ್ದುವ ಅಧಿಕಾರವನ್ನು ಅವನಿಗೆ ಕೊಟ್ಟುದು ಮೂವತ್ತು ವರ್ಷಗಳ ಬಯಲೇ. ಆ ಮೂವತ್ತು ವರ್ಷಗಳಿಲ್ಲದವನು 1905ರ ಮಾತನ್ನು ಎರವಲು ಪಡೆದರೆ ಅದು ಬರಿಯ ಸೋಮಾರಿತನಕ್ಕೆ ಸಮರ್ಥನೆಯಾಗುತ್ತದೆ. ಈ ಎಚ್ಚರಿಕೆ ನಮ್ಮ ಕಲಾವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅನಾವಶ್ಯಕವಲ್ಲ.

ಇನ್ನು ಸಂತೋಷದ ವಿಷಯ. ಬಯಲಿನಲ್ಲಿ ಬರೆದವರ ಪತ್ರಗಳನ್ನೂ ಅವರ ಚಿತ್ರಪಟಗಳನ್ನೂ ಪರೀಕ್ಷಿಸಿದರೆ ಕಷ್ಟಗಳ ಪಟ್ಟಿಯೇ ಸಿಕ್ಕುತ್ತದೆ. 1870ರಲ್ಲಿ ಟ್ರೂವಿಲ್ಲಿನ ಕಡಲತೀರದಲ್ಲಿ ಮೊನೆ ಬರೆದ ಚಿತ್ರದ ಬಣ್ಣದಲ್ಲಿ ಮರಳೂ ಚಿಪ್ಪಿನ ಚೂರುಗಳೂ ಇಂದಿಗೂ ಹುದುಗಿವೆ. 1882ರಲ್ಲಿ ಸ್ಕೆವೆನಿಂಗೆನ್ನಿನ ಬಿರುಗಾಳಿಯಲ್ಲಿ ವ್ಯಾನ್ ಗೋ ತನ್ನ ಪಟದ ಮೇಲಿನ ಮರಳನ್ನು ಎರಡು ಸಲ ಕೆರೆದು ತೆಗೆಯಬೇಕಾಯಿತು. ನೊಣಗಳನ್ನೂ ಧೂಳನ್ನೂ ಹಸಿ ಬಣ್ಣದಿಂದ ಆರಿಸಿ ತೆಗೆಯುವ ಗೋಳನ್ನು 1885ರಲ್ಲಿ ತಮ್ಮನಿಗೆ ಬರೆದನು. ಅವನ 1889ರ ಆಲಿವ್ ಮರಗಳ ಚಿತ್ರವೊಂದರಲ್ಲಿ ಬಣ್ಣದೊಳಗೆ ಸಿಕ್ಕಿಬಿದ್ದ ಮಿಡತೆಯ ಅವಶೇಷವನ್ನು 2017ರಲ್ಲಿ ಕ್ಯಾನ್ಸಸ್ ನಗರದ ಸಂಗ್ರಹಾಲಯದವರು ಪತ್ತೆಹಚ್ಚಿದರು. 1885ರ ನವೆಂಬರಿನಲ್ಲಿ ಎತ್ರೆತಾದ ಬಂಡೆಯ ಕಮಾನಿನ ಬುಡದಲ್ಲಿ ಮೊನೆ ಬರೆಯುತ್ತಿದ್ದಾಗ ದೊಡ್ಡ ಅಲೆಯೊಂದು ಅವನನ್ನು ಬಂಡೆಗೆ ಅಪ್ಪಳಿಸಿ ಎಳೆದೊಯ್ದಿತು. ಅವನು ಹೇಗೋ ತೆವಳಿ ದಡ ಸೇರಿದನು, ಚಿತ್ರಪಟ ಬಣ್ಣಗಳು ಕಡಲಿನ ಪಾಲಾದುವು. 1906ರ ಅಕ್ಟೋಬರಿನಲ್ಲಿ ಎಕ್ಸ್ ಪಟ್ಟಣದ ಹೊರವಲಯದಲ್ಲಿ ಬರೆಯುತ್ತಿದ್ದ ಸೆಜಾನನು ಬಿರುಮಳೆಗೆ ಸಿಕ್ಕಿ ಕುಸಿದುಬಿದ್ದನು. ಅವನನ್ನು ಅಗಸರ ಗಾಡಿಯಲ್ಲಿ ಮನೆಗೆ ತಂದರು. ಮಾರನೆಯ ಬೆಳಗ್ಗೆ ಎದ್ದು ತೋಟಗಾರನ ಚಿತ್ರವನ್ನು ಮುಂದುವರಿಸಲು ಹೊರಟನು. ಕೆಲವೇ ದಿನಗಳಲ್ಲಿ ತೀರಿಕೊಂಡನು.

ಸುಖಕ್ಕಾಗಿ ಹೋಗುವವರು ಇಷ್ಟೆಲ್ಲ ಪಡುವುದಿಲ್ಲ. ಹಾಗಾದರೆ ಸಂತೋಷವೆಲ್ಲಿ? ಸೆಜಾನನೇ ಸಾಯುವುದಕ್ಕೆ ಕೆಲವು ವಾರಗಳ ಮುಂಚೆ ಮಗನಿಗೆ ಬರೆದ ಪತ್ರದಲ್ಲಿ ಅದರ ಸುಳಿವಿದೆ. ನದಿಯ ದಂಡೆಯಲ್ಲಿ ತಾನು ಕುಳಿತ ಎಡೆಯಿಂದ ಕದಲದೆ, ಸ್ವಲ್ಪ ಬಲಕ್ಕೋ ಎಡಕ್ಕೋ ಬಾಗಿದರೆ ಸಾಕು, ತಿಂಗಳುಗಟ್ಟಲೆ ಕೆಲಸಕ್ಕೆ ಬೇಕಾದಷ್ಟು ವಸ್ತು ಇದೆಯೆಂದು ಅವನು ಹೇಳುತ್ತಾನೆ. ಈ ತುಂಬಿದ ಭಾವವೇ ಬಯಲಿನ ಸಂತೋಷ: ಎದುರಿಗಿರುವುದು ಎಂದೂ ಮುಗಿಯದು, ತನ್ನ ಕೈ ಎಂದೂ ಅದನ್ನು ಮುಗಿಸದು ಎಂಬ ಅರಿವು ನಿರಾಶೆಯಾಗದೆ ಹಸಿವಾಗುವುದು.

ಆದರೆ ಇದು ಬರೆಯುವವನ ಅನುಭವ. ನಮ್ಮ ಆಲಂಕಾರಿಕರು ಲೌಕಿಕವಾದ ಭಾವಕ್ಕೂ ಕಾವ್ಯದಿಂದ ಉಂಟಾಗುವ ರಸಕ್ಕೂ ಇಟ್ಟ ಅಂತರವನ್ನು ಇಲ್ಲಿ ನೆನೆಯಬೇಕು. ಕವಿಯ ಕಣ್ಣೀರು ಓದುಗನ ಕರುಣರಸವಲ್ಲ; ಚಿತ್ರಕಾರನ ಬೆಳಗಿನ ಉಲ್ಲಾಸವೂ ಪ್ರೇಕ್ಷಕನ ಆನಂದವಲ್ಲ. ಉಲ್ಲಾಸದಿಂದ ಬರೆದ ನೀರಸ ಚಿತ್ರಗಳಿಗೆ ಲೆಕ್ಕವಿಲ್ಲ. ಬಯಲಿನಿಂದ ಪಟಕ್ಕೆ ಇಳಿದು, ಪಟದಿಂದ ನಮ್ಮವರೆಗೆ ಬರಬಲ್ಲುದು ಆಯ್ಕೆಯೊಂದೇ: ಇದನ್ನು ಹಿಡಿದೆ, ಅದನ್ನು ಬಿಟ್ಟೆ ಎಂಬ ನಿರ್ಣಯ. ನಾರ್ನಿಯ ಅಭ್ಯಾಸದ ಒರಟು ಮುಂಭಾಗವು ನಮಗೆ ಆನಂದವನ್ನು ಕೊಡುವುದು ಹೀಗೆ. ಕಾನ್‌ಸ್ಟೇಬಲನ ಬಂಡಿ ಮನೆಯಲ್ಲಿ ಹುಟ್ಟಿಯೂ ಗೆಲ್ಲುವುದು ಹೀಗೆಯೇ. ಆ ಮೋಡಗಳಲ್ಲಿ ಹ್ಯಾಂಪ್‌ಸ್ಟೆಡ್ಡಿನ ನಿರ್ಣಯಗಳಿಗೆ ತಮ್ಮರಾದ ಸಾವಿರ ನೋಟಗಳ ನಿರ್ಣಯಗಳು ಉಳಿದಿವೆ.

ದೆಗಾನ ಆಕ್ಷೇಪವನ್ನು ಹೇಳದೆ ಹೋದರೆ ವಾದ ಏಕಪಕ್ಷೀಯವಾದೀತು. ಬಯಲಿನಲ್ಲಿ ಈಸೆಲ್ ಹೂಡುವವರ ಮೇಲೆ ಪೋಲೀಸರು ಸಣ್ಣ ಗುಂಡಿನ ಚರೆ ಹಾರಿಸಬೇಕೆಂದು ಅವನು ಗೇಲಿಮಾಡುತ್ತಿದ್ದನು. ಚಿತ್ರಕಲೆ ಆಟವಲ್ಲ, ಅದು ಹೊರಗಿನ ಗಾಳಿಯಲ್ಲಿ ಆಗುವ ಕಸರತ್ತೂ ಅಲ್ಲವೆಂದು ಅವನ ನಿಲುವು. 1890ರಲ್ಲಿ ಬರ್ಗಂಡಿಯ ನಾಡಿನಲ್ಲಿ ಕುದುರೆಗಾಡಿಯ ಪ್ರಯಾಣ ಮಾಡಿ, ಕಂಡುದನ್ನು ನೆನಪಿನಿಂದಲೇ ಲೋಹದ ಹಲಗೆಯ ಮೇಲೆ ಬಣ್ಣ ಹಚ್ಚಿ ಕಾಗದಕ್ಕೆ ಒತ್ತಿ, ಆ ಭೂದೃಶ್ಯಗಳನ್ನು 1892ರಲ್ಲಿ ಪ್ರದರ್ಶಿಸಿದನು. ಅವು ಚೆಲುವಾಗಿವೆ, ಕನಸಿನಂತಿವೆ. ಆದರೆ ಅವುಗಳಲ್ಲಿ ಯಾವ ಗಂಟೆಯೂ ಇಲ್ಲ. ದೆಗಾನಿಗೆ ಗಂಟೆ ಬೇಕಾಗಿರಲಿಲ್ಲ. ಅವನು ಅದರಿಂದ ಏನನ್ನೂ ಕಳೆದುಕೊಳ್ಳಲಿಲ್ಲವೆಂದು ಹೇಳುವುದಕ್ಕೆ ಮಾತ್ರ ನಮಗೆ ಧೈರ್ಯ ಸಾಲದು.

ನಮ್ಮ ದೇಶದ ಪರಂಪರೆ ಈ ಗಂಟೆಯನ್ನು ಬೇರೆ ರೀತಿಯಲ್ಲಿ ಕಂಡಿತ್ತು. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಬೆಳುದಿಂಗಳನ್ನು ಅರಳಿದ ನೈದಿಲೆಯಿಂದಲೂ, ಬಿಸಿಲನ್ನು ಬೇಗೆಯಿಂದ ಬಳಲಿದ ಜೀವಿಗಳಿಂದಲೂ ಸೂಚಿಸಬೇಕೆಂಬ ವಿಧಿಯಿದೆ. ನದಿಗಳನ್ನು ವಾಹನಸಹಿತವಾದ ಸ್ತ್ರೀಮೂರ್ತಿಗಳಾಗಿ ಬರೆಯಬೇಕು. ಬೆಳಕನ್ನು ಬೆಳಕಾಗಿ ಅಲ್ಲಿ ಬರೆಯುವುದಿಲ್ಲ. ಲೋಕದ ಮೇಲೆ ಅದು ಮಾಡಿದ ಪರಿಣಾಮವನ್ನು ಬರೆಯುತ್ತಾರೆ. ಕನ್ನಡದ ಮಹಾಕಾವ್ಯಗಳ ಅಷ್ಟಾದಶ ವರ್ಣನೆಗಳಲ್ಲಿ ಸೂರ್ಯೋದಯ ಚಂದ್ರೋದಯಗಳು ಬರುವುದೂ ಬಹುಮಟ್ಟಿಗೆ ಹೀಗೆಯೇ: ತಾವರೆ ಮುಚ್ಚಿತು, ಚಕ್ರವಾಕಗಳು ಅಗಲಿದುವು ಎಂದರೆ ಸಂಜೆಯಾಯಿತು. ಇದನ್ನು ನೋಡದೆ ಬರೆದ ಜಡಸಂಪ್ರದಾಯವೆಂದು ಹಳಿಯುವುದು ನಮ್ಮ ನವೀನ ವಿಮರ್ಶೆಯಲ್ಲಿ ರೂಢಿಯಾಗಿದೆ. ಸಾಮಾನ್ಯ ಕವಿಗಳ ವಿಷಯದಲ್ಲಿ ಅದು ಸರಿಯೂ ಹೌದು. ಆದರೆ ಬೆಳಕನ್ನು ಅದರ ಪರಿಣಾಮದಿಂದ ಅಳೆಯುವ ಕ್ರಮವು ನೋಟದ ಇನ್ನೊಂದು ಕ್ರಮವೇ ಹೊರತು ನೋಟದ ಅಭಾವವಲ್ಲ. ಒಂದು ಎಲೆಯನ್ನು ಬಿಸಿಲು ಬಿಟ್ಟಿತೇ ಎಂದು ಕಾಯುತ್ತಿದ್ದ ಮೊನೆಗೂ ಆ ಎಲೆಯೇ ಗಡಿಯಾರವಾಗಿತ್ತು.

ಫ್ರಾನ್ಸಿನ ಪದ್ಧತಿಯನ್ನು ನಮ್ಮ ನಾಡಿಗೆ ತರುವವರು ಮರೆಯುವ ಭೌಗೋಳಿಕ ಸಂಗತಿಯೊಂದಿದೆ. ಪ್ಯಾರಿಸ್ 49 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರವಿದೆ. ಮೈಸೂರು 12ರ ಸಮೀಪದಲ್ಲಿ. ಅಲ್ಲಿ ಸೂರ್ಯನು ಓರೆಯಾಗಿ ಮುಳುಗುತ್ತಾನೆ. ಬೇಸಿಗೆಯ ಮುಸ್ಸಂಜೆ ಸುಮಾರು ನಲವತ್ತು ನಿಮಿಷ ನಿಲ್ಲುತ್ತದೆ. ಇಲ್ಲಿ ಹೆಚ್ಚುಕಡಿಮೆ ನೇರವಾಗಿ ಬೀಳುತ್ತಾನೆ. ಇಪ್ಪತ್ತೆರಡು ನಿಮಿಷಗಳಲ್ಲಿ ಎಲ್ಲ ಮುಗಿದಿರುತ್ತದೆ. ವಾಲೆನ್ಸಿಯೆನ್ನನ ಅರ್ಧ ಗಂಟೆ ನಮ್ಮಲ್ಲಿ ಅಷ್ಟೂ ಇಲ್ಲ. ಹತ್ತು ಗಂಟೆಯ ಮೇಲೆ ಬಯಲುಸೀಮೆಯ ಬಿಸಿಲು ನೆರಳನ್ನು ಮರದ ಬುಡಕ್ಕೆ ಸೇರಿಸಿ, ಬಣ್ಣವನ್ನೆಲ್ಲ ಬಿಳಿಚಿಸಿಬಿಡುತ್ತದೆ. ಚೈತ್ರದಲ್ಲಿ ಜಲವರ್ಣ ಕುಂಚದಿಂದ ಕಾಗದಕ್ಕೆ ಬೀಳುವುದರೊಳಗೆ ಒಣಗುತ್ತದೆ. ಆಷಾಢದ ಮಲೆನಾಡಿನಲ್ಲಿ ಒಣಗುವುದೇ ಇಲ್ಲ.

ಈ ಹಿನ್ನೆಲೆಯಲ್ಲಿ ಕೆ. ವೆಂಕಟಪ್ಪನವರ (1886–1965) ಉದಕಮಂಡಲ ಮತ್ತು ಕೊಡೈಕೆನಾಲ್‌ಗಳ ಜಲವರ್ಣ ಭೂದೃಶ್ಯಗಳನ್ನು ನೋಡಬೇಕು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಪುರಾಣವಸ್ತುಗಳನ್ನು ಬರೆದು ಹೆಸರಾದವರು ಅವರು. ಅಂತಹವರು ಬೆಟ್ಟದ ಮಂಜಿಗೂ ಮಳೆಮೋಡಕ್ಕೂ ತಿರುಗಿದುದನ್ನು ಒಂದು ವಿರಾಮವೆಂಬಂತೆ ವರ್ಣಿಸುವುದು ಸರಿಯಲ್ಲ. ಸಮುದ್ರಮಟ್ಟಕ್ಕಿಂತ ಎರಡು ಸಾವಿರ ಮೀಟರಿಗೂ ಮೇಲಿನ ಆ ಬೆಟ್ಟಗಳಲ್ಲಿ ಬೆಳಕು ಮೆತ್ತಗಿದೆ, ತೇವ ಬಣ್ಣವನ್ನು ಕಾಯುತ್ತದೆ, ಚಿತ್ರಕಾರನಿಗೆ ಕಾಲ ಸಿಕ್ಕುತ್ತದೆ. ಅವರ ಮೋಡಗಳ ಅಂಚುಗಳಲ್ಲಿ ಕಾಣುವ ತಾಳ್ಮೆ ಫ್ರೆಂಚರ ಆತುರಕ್ಕೆ ವಿರುದ್ಧವಾದುದು. ಅವರು ಬೆಳಕಿನ ಹಿಂದೆ ಓಡುವುದಿಲ್ಲ, ಅದು ನೆಲೆನಿಲ್ಲುವ ಊರನ್ನು ಆರಿಸಿಕೊಂಡರು. ಬಯಲಿನ ಚಿತ್ರಣಕ್ಕೆ ಇದೂ ಒಂದು ಉತ್ತರ.

ರುಮಾಲೆ ಚನ್ನಬಸವಯ್ಯನವರು (1910–1988) ಹಾಗೆ ಊರನ್ನು ಬದಲಿಸಲಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿಯೂ ಪತ್ರಿಕಾರಂಗದಲ್ಲಿಯೂ ದುಡಿದ ಅವರು ಬೆಂಗಳೂರಿನ ಬೀದಿಗಳಲ್ಲಿ, ಉದ್ಯಾನಗಳಲ್ಲಿ ನಿಂತು ಹೂಬಿಟ್ಟ ಮರಗಳನ್ನು ಬರೆದರು. ಅವರ ಬಣ್ಣ ದಪ್ಪ, ಕುಂಚದ ಬೀಸು ಚಿಕ್ಕದು, ಒತ್ತಾದುದು. ಮರ ಹೂವನ್ನು ಸುರಿಸುವ ಆತುರ ಅದರಲ್ಲಿದೆ. ಕೆಲವೊಮ್ಮೆ ಈ ಆತುರ ಅತಿಯಾಗಿ, ಆಕಾಶವೂ ನೆಲವೂ ಹೂವಿನ ಬಣ್ಣಕ್ಕೆ ಸೋತು ಎಲ್ಲೆಲ್ಲಿಯೂ ಹಬ್ಬವಾಗಿಬಿಡುತ್ತದೆ. ಅವರ ಉತ್ತಮ ಚಿತ್ರಗಳಲ್ಲಿ ಹೂವಿನ ಕೆಳಗಿನ ನೆರಳು ಹಾಗೆಯೇ ತಂಪಾಗಿ ಉಳಿದಿರುತ್ತದೆ. ಆ ನೆರಳಿನ ಉದ್ದವನ್ನೂ ದಿಕ್ಕನ್ನೂ ನೋಡಿ ಹೊತ್ತನ್ನು ಊಹಿಸಬಹುದು. ಯಾವ ಮರವೆಂಬುದರಿಂದ ತಿಂಗಳನ್ನು ಹೇಳಬಹುದು, ಗುಲ್‌ಮೊಹರ್ ಅರಳುವುದು ಬೇಸಿಗೆಯ ಕೊನೆಗಾದರೆ ಗುಲಾಬಿ ಟಬೆಬುಯಾ ಅದಕ್ಕೂ ಬಹಳ ಮುಂಚೆಯೇ ಹೂವಾಗುತ್ತದೆ. ಪ್ರತಿಯೊಂದು ಚಿತ್ರಕ್ಕೂ ಹೀಗೆ ತಿಂಗಳು, ಹೊತ್ತು, ನಿಂತ ಸ್ಥಳ ಇವುಗಳನ್ನು ಗುರುತಿಸಿ, ಕಾನ್‌ಸ್ಟೇಬಲನು ತಾನೇ ತನ್ನ ಹಾಳೆಗಳ ಹಿಂದೆ ಬರೆದಿಟ್ಟಂತೆ, ಒಂದು ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ಕಾಲೇಜಿನ ವಿದ್ಯಾರ್ಥಿಗಳಿಂದಲೂ ಆಗತಕ್ಕದ್ದು. ಆ ಪಟ್ಟಿಯನ್ನು ಹಿಡಿದು ಅದೇ ಬೀದಿಗಳಲ್ಲಿ, ಅದೇ ಹೊತ್ತಿಗೆ ಹೋಗಿ ನಿಂತರೆ, ಚಿತ್ರಕಾರರು ಎದುರಿಗಿದ್ದುದರಲ್ಲಿ ಏನನ್ನು ಬಿಟ್ಟರೆಂಬುದೂ ತಿಳಿದುಬರುತ್ತದೆ. ಮರಗಳು ಇನ್ನೂ ನಿಂತಿರುವ ಬೀದಿಗಳಲ್ಲಿ.